304 ಸ್ಟೀಲ್‌ನಾಗ ಡ್ರಿಲ್ ಬಿಟ್ ಬಾಳಿಕಿ ಬರವಲ್ದು. ತಪ್ಪು ಬಿಟ್ಟಿಂದೋ, ಕೂಲಂಟ್‌ದೋ?

ಉದ್ಯಮಬಾಗ್_ಶೆಡ್

ನಮಸ್ಕಾರ್ರಿ ಎಲ್ಲಾರಿಗೂ. ಬೆಳಗಾವ್ಯಾಗ ನಮ್ಮದೊಂದು ಸಣ್ಣ ಮಷಿನ್ ಶಾಪ್ ಐತಿ. ಇಷ್ಟು ದಿನಾ ಎಂಎಸ್ (ಮೈಲ್ಡ್ ಸ್ಟೀಲ್, ಸಾದಾ ಉಕ್ಕು) ಮತ್ತ ಬೀಡು ಕಬ್ಬಿಣದ ಕೆಲಸಾನ ಜಾಸ್ತಿ ಇತ್ತು. ಈಗ ಡೈರಿ ಪ್ಲಾಂಟಿನ ಪೈಪ್‌ಲೈನಿಗೆ 304 ಸ್ಟೇನ್‌ಲೆಸ್ ಫ್ಲಾಂಜಿನ ಆರ್ಡರ್ ಬಂದೈತಿ. ದಪ್ಪ 25 ಮಿ.ಮೀ., ತೂತು 12 ಮಿ.ಮೀ., ಆರಪಾರ. ರೇಡಿಯಲ್ ಡ್ರಿಲ್ ಮಷಿನ್, ಎಂ35 ಕೋಬಾಲ್ಟ್ ಬಿಟ್, 700 ಆರ್‌ಪಿಎಂ ಇಟ್ಟೀವಿ, ಫೀಡ್ ಕೈಲೆ ಕೊಡ್ತೀವಿ.

ಬಿಟ್ಟು ಭಾಳ ಬೇಗ ಮೊಂಡ ಆಗ್ಲಿಕತ್ತಾವು. ಹೊರಗಿನ ಮೂಲಿ ಸುಟ್ಟು ನೀಲಿ ಆಗಿರ್ತಾವು. ಒಮ್ಮೊಮ್ಮೆ ಅರ್ಧ ತೂತಿನಾಗ ಕಿರಚಿ ಮುಂದಕ್ಕ ಹೋಗೂದ ಇಲ್ಲ, ಹೊಸಾ ಬಿಟ್ ಹಾಕಿದ್ರೂ ಅಲ್ಲೇ ಜಾರತೈತಿ. ಕೂಲಂಟ್ ಮಾಮೂಲಿ ಸೋಲ್ಯೂಬಲ್ ಆಯಿಲ್, ಬೋರ್ ನೀರಾಗ ಕಲಿಸಿದ್ದು. ಎಂಎಸ್‌ಗೆ ಇದ ಚಲೋ ನಡೀತಿತ್ತು. ಅಂಗಡಿಯವರು ಇನ್ನೂ ತುಟ್ಟಿ ಬಿಟ್ ತಗೋರಿ ಅಂತಾರ. ನನಗ ಕೂಲಂಟ್ ಮ್ಯಾಲ ಅನುಮಾನ ಐತಿ. ತಿಳಿದವರು ಹೇಳ್ರಿ.

ಸಾಣೆಕಲ್ಲು

ಬಿಟ್ ತಗೊಳ್ಳೋಕೆ ಮೊದಲು ಸ್ಪೀಡ್ ನೋಡಿ. 12 ಮಿ.ಮೀ. ಬಿಟ್ಟನ್ನು 700ರಲ್ಲಿ ತಿರುಗಿಸಿದರೆ ಅಂಚಿನಲ್ಲಿ ನಿಮಿಷಕ್ಕೆ 26 ಮೀಟರ್ ಮೇಲೆ ಬೀಳುತ್ತೆ. ಅದು ಎಂಎಸ್‌ನ ಲೆಕ್ಕ. 304ಗೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಜಾತಿಯ ಬಿಟ್ಟಲ್ಲಿ 10ರಿಂದ 15 ಮೀಟರ್ ಅಷ್ಟೇ. 12 ಮೀಟರ್ ಅಂತ ಹಿಡಿದರೆ ಸುಮಾರು 320 ಆರ್‌ಪಿಎಂ. ಮೊದಲು ಅದಕ್ಕೆ ಇಳಿಸಿ.

ಎರಡನೇದು, ಕೈ ಫೀಡ್ ಬಿಡಿ. 304 ಉಜ್ಜಿದಷ್ಟೂ ಗಟ್ಟಿಯಾಗೋ ಲೋಹ. ಬಿಟ್ ಕತ್ತರಿಸದೆ ಒಂದೆರಡು ಸುತ್ತು ಸುಮ್ಮನೆ ಉಜ್ಜಿದರೂ ಅಲ್ಲಿ ಗಟ್ಟಿ ಪದರ ನಿಲ್ಲುತ್ತೆ, ಆಮೇಲೆ ಬರೋ ಹೊಸ ಬಿಟ್ಟೂ ಅದರ ಮೇಲೆಯೇ ಜಾರುತ್ತೆ. ನೀವು ಹೇಳ್ತಿರೋದು ಅದೇ. ಆಟೋ ಫೀಡ್ ಹಾಕಿ, ಸುತ್ತಿಗೆ 0.15 ಮಿ.ಮೀ. ಹತ್ತಿರ ಇಡಿ. ಒಳಗೆ ಹೋದ ಮೇಲೆ ನಡುವೆ ನಿಲ್ಲಿಸಬೇಡಿ. 135 ಡಿಗ್ರಿ ಸ್ಪ್ಲಿಟ್ ಪಾಯಿಂಟ್, ಅಂದ್ರೆ ತುದಿಯ ನಡುಭಾಗವನ್ನೂ ಸಾಣೆ ಹಿಡಿದು ಚೂಪು ಮಾಡಿದ ಬಿಟ್ ಇರಲಿ. ಸಾಣೆ ಹಿಡಿಯೋವಾಗಲೂ ಆ ಸ್ಪ್ಲಿಟ್ ಉಳಿಸಿಕೊಳ್ಳಿ.

ಕೂಲಂಟ್ ಬಗ್ಗೆ ನಿಮ್ಮ ಅನುಮಾನ ಸರಿಯೇ ಇದೆ. ಈ ಸ್ಪೀಡಲ್ಲಿ 304ಗೆ ನೀರಿನ ಕೂಲಂಟ್‌ಗಿಂತ ಗಂಧಕ ಇರೋ ಕಟಿಂಗ್ ಆಯಿಲ್ ಒಳ್ಳೇದು. ನಮ್ಮ ಟೂಲ್‌ರೂಮಲ್ಲಿ ಸ್ಟೇನ್‌ಲೆಸ್ ಬಂದರೆ ಡಬ್ಬಿ, ಬ್ರಷ್ ತಗೊಂಡೇ ನಿಲ್ಲುತ್ತಿದ್ದೆವು.

ವಿಎಂಸಿ_ಪೀಣ್ಯ

> ನೀರಿನ ಕೂಲಂಟ್‌ಗಿಂತ ಗಂಧಕ ಇರೋ ಕಟಿಂಗ್ ಆಯಿಲ್ ಒಳ್ಳೇದು

ಯಜಮಾನ್ರೇ, ಸ್ಪೀಡ್ ಫೀಡ್ ವಿಚಾರ ಒಪ್ಪಿದೆ. ಎಣ್ಣೆ ವಿಚಾರದಲ್ಲಿ ಪೂರ್ತಿ ಒಪ್ಪಲ್ಲ. ನಾವು ಪೀಣ್ಯದಲ್ಲಿ ದಿನಾ 304, 316 ಡ್ರಿಲ್ ಮಾಡ್ತೀವಿ, ಎಲ್ಲಾ ಎಮಲ್ಷನ್ನಲ್ಲೇ (ನೀರಲ್ಲಿ ಕಲಸಿದ ಎಣ್ಣೆ). ಸಾಲಿಡ್ ಕಾರ್ಬೈಡ್ ಬಿಟ್, ನಿಮಿಷಕ್ಕೆ 50 ಮೀಟರ್ ಮೇಲೆ ಓಡುತ್ತೆ, ಕೂಲಂಟ್ ಬಿಟ್ಟಿನೊಳಗಿನ ತೂತಿಂದಲೇ ತುದಿಗೆ ಬರುತ್ತೆ. ಆ ವೇಗದಲ್ಲಿ ಬರೀ ಎಣ್ಣೆ ಹಾಕಿದರೆ ಶೆಡ್ ತುಂಬಾ ಹೊಗೆ. ಬೆಂಕಿ ಭಯ ಬೇರೆ.

ಎಣ್ಣೆ_ರಸಾಯನ

ಇಬ್ಬರೂ ಹೇಳ್ತಿರೋದು ಸರಿ, ಯಾಕಂದ್ರೆ ಇಬ್ಬರ ಕೆಲಸವೂ ಬೇರೆ ಬೇರೆ. ನಾನು ಲೂಬ್ರಿಕೆಂಟ್ ಕ್ಷೇತ್ರದವನು, ಸ್ವಲ್ಪ ಉದ್ದಕ್ಕೆ ಬರೀತೀನಿ. ಅಂಗಡಿಯಲ್ಲಿ ಡಬ್ಬಿ ತಗೊಳ್ಳೋವಾಗ ಈ ವ್ಯತ್ಯಾಸ ಯಾರೂ ಹೇಳಿಕೊಡಲ್ಲ.

ಕೂಲಂಟ್ ಮಾಡೋ ಕೆಲಸ ಎರಡು: ಬಿಸಿ ಹೊತ್ತೊಯ್ಯೋದು, ಉಜ್ಜಾಟ ಕಡಿಮೆ ಮಾಡೋದು. ಬಿಸಿ ಹೊರೋದರಲ್ಲಿ ನೀರಿಗೆ ಸಮ ಇಲ್ಲ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡೋಕೆ 4.18 ಕಿಲೋಜೌಲ್ ಬೇಕು, ಖನಿಜ ಎಣ್ಣೆಗೆ ಅದರ ಅರ್ಧಕ್ಕಿಂತ ಕಡಿಮೆ ಸಾಕು. 1880ರ ದಶಕದಲ್ಲಿ ಅಮೆರಿಕದ ಮಿಡ್‌ವೇಲ್ ಸ್ಟೀಲ್ ಕಾರ್ಖಾನೆಯಲ್ಲಿ ಫ್ರೆಡರಿಕ್ ಟೇಲರ್ ಕಟಿಂಗ್ ಜಾಗಕ್ಕೆ ಧಾರಾಳವಾಗಿ ನೀರು ಸುರಿಸಿ ವೇಗವನ್ನು 30ರಿಂದ 40% ಏರಿಸಬಹುದು ಅಂತ ತೋರಿಸಿದ. ತುಕ್ಕು ಹಿಡಿಯದಂತೆ ಆ ನೀರಿಗೆ ಸೋಡಾ ಬೆರೆಸ್ತಿದ್ದರು.

ಆದರೆ ಅದು ಲೇತ್. ಅಲ್ಲಿ ಟೂಲ್ ಕಣ್ಣಿಗೆ ಕಾಣುತ್ತೆ, ಧಾರೆ ನೇರ ಅದರ ಮೇಲೇ ಬೀಳುತ್ತೆ. ಡ್ರಿಲ್‌ನಲ್ಲಿ ಕತ್ತರಿಸೋ ಜಾಗ ತೂತಿನ ತಳದಲ್ಲಿ ಅಡಗಿರುತ್ತೆ. ಯಾವ ಫ್ಲೂಟಿನಲ್ಲಿ (ಬಿಟ್ಟಿನ ಸುರುಳಿ ಕಾಲುವೆ) ಚಿಪ್ಸ್ ಮೇಲೆ ಬರಬೇಕೋ ಅದೇ ಫ್ಲೂಟಿನಲ್ಲಿ ಕೂಲಂಟ್ ಕೆಳಗಿಳಿಯಬೇಕು. ಚಿಪ್ಸೇ ಅದನ್ನು ಎತ್ತಿ ಹೊರಗೆ ಹಾಕುತ್ತೆ. ಮೇಲಿಂದ ನೋಡೋರಿಗೆ ಎಲ್ಲಾ ಬೆಳ್ಳಗೆ ತೊಯ್ದ ಹಾಗೆ ಕಾಣುತ್ತೆ, ತಳ ಒಣಗಿರಬಹುದು.

ಬಿಟ್ಟಿನ ನಟ್ಟ ನಡುವಿನ ಚಿಸಲ್ ಎಡ್ಜ್ ಇನ್ನೊಂದು ತೊಡಕು. ಅಲ್ಲಿ ಕಟಿಂಗ್ ವೇಗ ಸೊನ್ನೆ. ಆ ಭಾಗ ಲೋಹವನ್ನು ಕತ್ತರಿಸೋಕಾಗದೆ ಹಿಸುಕಿ ಪಕ್ಕಕ್ಕೆ ತಳ್ಳುತ್ತೆ. ಬಿಟ್ಟನ್ನು ಒತ್ತೋ ಬಲದಲ್ಲಿ ಸುಮಾರು ಅರ್ಧ ಇಲ್ಲೇ ಖರ್ಚಾಗುತ್ತೆ. ಅಲ್ಲಿಗೆ ಬೇಕಾಗಿರೋದು ತಂಪಿಗಿಂತ ಜಾರಿಕೆ.

ಹಾಗಾಗಿ ನಿಧಾನವಾಗಿ ತಿರುಗೋ ಎಚ್‌ಎಸ್‌ಎಸ್, ಕೋಬಾಲ್ಟ್ ಬಿಟ್ಟಿಗೆ ಜಾರಿಕೆ ಹೆಚ್ಚಿರೋ ದ್ರವ, ವೇಗದ ಕಾರ್ಬೈಡಿಗೆ ತಂಪು ಹೆಚ್ಚಿರೋ ದ್ರವ. ಟ್ಯಾಪ್, ರೀಮರ್ ಇನ್ನೂ ನಿಧಾನ, ಅವಕ್ಕೆ ಎಣ್ಣೆಯೇ ಮೇಲು.

ಇನ್ನು 304 ಯಾಕಿಷ್ಟು ಕಾಡುತ್ತೆ ಅಂದ್ರೆ, ಎಂಎಸ್ ಶಾಖವನ್ನು ಬೇಗ ಹರಡಿಬಿಡುತ್ತೆ. ಅದರ ಶಾಖ ವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 50 ವ್ಯಾಟ್ ಇದ್ದರೆ 304ರದ್ದು 16ರ ಆಸುಪಾಸು. ಹುಟ್ಟಿದ ಬಿಸಿ ಜಾಬ್‌ಗೆ ಹೋಗದೆ ಬಿಟ್ಟಿನ ಅಂಚಲ್ಲೇ ಕೂರುತ್ತೆ. ಹೊರಮೂಲೆಯಲ್ಲಿ ವೇಗ ಹೆಚ್ಚು, ಅದಕ್ಕೆ ಅಲ್ಲೇ ಮೊದಲು ನೀಲಿ.

ಉದ್ಯಮಬಾಗ್_ಶೆಡ್

ಭಾಳ ಉಪಕಾರ ಆತ್ರಿ. ಗಂಧಕದ ಎಣ್ಣಿ ಅಂದ್ರ ಅದರಾಗ ಗಂಧಕ ಏನ್ ಮಾಡತೈತ್ರಿ? ಮತ್ತ ನಮ್ಮ ಟ್ಯಾಂಕಿನ ಕೂಲಂಟ್ ಪೂರಾ ಚೆಲ್ಲೂದ ಏನು?

ಎಣ್ಣೆ_ರಸಾಯನ

ಅಷ್ಟು ಒತ್ತಡ, ಬಿಸಿ ಇರೋ ಕಡೆ ಬರೀ ಎಣ್ಣೆಯ ಪದರ ಹರಿದುಹೋಗುತ್ತೆ. ಆಗ ಲೋಹಕ್ಕೆ ಲೋಹ ಅಂಟಿಕೊಳ್ಳುತ್ತೆ. ಗಂಧಕ ಇದ್ದರೆ ಆ ಬಿಸಿಯಲ್ಲೇ ಕಬ್ಬಿಣದ ಜೊತೆ ಕೂಡಿ ಐರನ್ ಸಲ್ಫೈಡ್‌ನ ತೆಳು ಪದರ ಕಟ್ಟುತ್ತೆ. ಅದು ಸುಲಭವಾಗಿ ಕತ್ತರಿಸಿಹೋಗುತ್ತೆ, ಮತ್ತೆ ಹುಟ್ಟುತ್ತೆ, ಅಂಟೋದನ್ನು ತಡೆಯುತ್ತೆ. ಕ್ಲೋರಿನ್ ಸಂಯುಕ್ತಗಳೂ ಇದನ್ನೇ ಮಾಡುತ್ತವೆ, ಸ್ವಲ್ಪ ಕಡಿಮೆ ಬಿಸಿಯಲ್ಲೇ ಶುರುವಾಗುತ್ತವೆ. ಡಬ್ಬಿ ಮೇಲೆ ಇಪಿ (ಎಕ್ಸ್‌ಟ್ರೀಮ್ ಪ್ರೆಶರ್, ಅತಿ ಒತ್ತಡ) ಅಂತ ಬರೆದಿದ್ದರೆ ಇಂಥದ್ದೇನೋ ಇದೆ ಅಂತ ಅರ್ಥ. ಸಕ್ರಿಯ ಗಂಧಕ ಇರೋ ಎಣ್ಣೆಯನ್ನು ತಾಮ್ರ, ಹಿತ್ತಾಳೆಗೆ ಮುಟ್ಟಿಸಬೇಡಿ, ಕಪ್ಪು ಕಲೆ ಬೀಳುತ್ತೆ.

ಟ್ಯಾಂಕ್ ಚೆಲ್ಲೋಕೆ ಮೊದಲು ಅದರಲ್ಲಿ ಏನಿದೆ ನೋಡೋಣ. ಗಾಜಿನ ಲೋಟದಲ್ಲಿ ಸ್ವಲ್ಪ ಕೂಲಂಟ್ ತೆಗೆದು ರಾತ್ರಿಯೆಲ್ಲಾ ಅಲುಗಾಡಿಸದೆ ಇಡಿ. ಕೂಲಂಟಿನ ಸಾಂದ್ರತೆ ಅಳೆಯೋ ರಿಫ್ರ್ಯಾಕ್ಟೋಮೀಟರ್ ಇದ್ದರೆ ಒಂದು ಹನಿ ಹಾಕಿ ಅಂಕ ಹೇಳಿ.

ಉದ್ಯಮಬಾಗ್_ಶೆಡ್

ರಿಫ್ರ್ಯಾಕ್ಟೋಮೀಟರ್ ಬಾಜೂ ಶೆಡ್ಡಿನವರ ಕಡೆ ಇಸ್ಕೊಂಡು ನೋಡಿದೆರಿ. 2 ತೋರಿಸ್ತು. ಲೋಟದಾಗ ಮ್ಯಾಲ ಹಳದಿ ಕೆನಿ ಹಂಗ ಪದರ ಕಟ್ಟೈತಿ, ಕೆಳಗ ತೆಳು ನೀರು, ತಳದಾಗ ಕರಿ ಗಸಿ. ಸೋಮವಾರ ಮುಂಜಾನೆ ಮಷಿನ್ ಚಾಲೂ ಮಾಡಿದ್ರ ಕೊಳೆತ ತತ್ತಿ ವಾಸನಿ ಬರತೈತಿ, ಅದನ್ನ ಹೇಳೂದ ಬಿಟ್ಟಿದ್ದೆ.

ಐಟಿಐ_ಮಾಸ್ತರ್

ಕರಿ ಗಸಿ ಬೀಡು ಕಬ್ಬಿಣದ್ದು. ಅದೇ ಮಷಿನ್‌ನಲ್ಲಿ ಬೀಡಿಗೂ ಕೂಲಂಟ್ ಬಿಡುತ್ತಿದ್ದೀರಿ ಅನ್ನಿಸುತ್ತದೆ. ಬೂದು ಬೀಡಿನಲ್ಲಿ ಗ್ರಾಫೈಟ್ ಪದರಗಳೇ ಇವೆ, ಅವೇ ಜಾರಿಕೆ ಕೊಡುತ್ತವೆ. ಚಿಪ್ಸ್ ಪುಡಿಪುಡಿಯಾಗಿ ಉದುರುತ್ತದೆ. ಅದನ್ನು ಒಣಗಿದ್ದಂತೆಯೇ ಡ್ರಿಲ್ ಮಾಡುವುದು ಹಳೆಯ ರೂಢಿ, ನಾನು ಮಕ್ಕಳಿಗೂ ಹಾಗೇ ಕಲಿಸುತ್ತೇನೆ. ಕೂಲಂಟ್ ಬಿಟ್ಟರೆ ಪುಡಿ ಕೆಸರಾಗಿ ಫ್ಲೂಟಿಗೆ ಮೆತ್ತಿಕೊಳ್ಳುತ್ತದೆ, ಮಿಕ್ಕದ್ದು ಟ್ಯಾಂಕಿಗೆ ಇಳಿದು ಪಂಪಿನ ಮೂಲಕ ಮುಂದಿನ ಜಾಬಿಗೆ ಬರುತ್ತದೆ. ಪುಡಿ ಹಾರುವುದು ತೊಂದರೆಯಾದರೆ ವ್ಯಾಕ್ಯೂಮಿನಿಂದ ಎಳೆದುಕೊಳ್ಳಿ, ಮೂಗಿಗೆ ಮಾಸ್ಕ್ ಇರಲಿ.

ಎಣ್ಣೆ_ರಸಾಯನ

ಹಾಗಾದರೆ ಕಾರಣ ಸಿಕ್ಕಿತು. ನಿಮ್ಮ ಬಿಟ್ಟಿಗೆ ಈಗ ಹೋಗ್ತಿರೋದು ಹೆಚ್ಚುಕಡಿಮೆ ನೀರು. 304 ಡ್ರಿಲ್ಲಿಂಗ್‌ಗೆ ನೀರಲ್ಲಿ 8ರಿಂದ 10% ಎಣ್ಣೆ ಬೇಕು, ಎಂಎಸ್‌ಗೆ 5ರಿಂದ 6% ನಡೆಯುತ್ತೆ. ರಿಫ್ರ್ಯಾಕ್ಟೋಮೀಟರ್ ಅಂಕವೇ ಶೇಕಡಾ ಅಲ್ಲ, ನೆನಪಿರಲಿ. ಡಬ್ಬಿಯ ಹಾಳೆಯಲ್ಲಿ ಒಂದು ಗುಣಕ ಕೊಟ್ಟಿರ್ತಾರೆ. ಗುಣಕ 1.5 ಇದ್ದು ಮೀಟರ್ 4 ತೋರಿಸಿದರೆ ಅದು 6%. ನಿಮ್ಮ 2ಕ್ಕೆ ಇದೇ ಗುಣಕ ಹಿಡಿದರೂ 3% ದಾಟಲ್ಲ.

ಎಣ್ಣೆ ಮೇಲೆ ತೇಲಿರೋದು ಗಡಸು ನೀರಿನ ಕೆಲಸ. ಎಣ್ಣೆ ನೀರನ್ನು ಕೂಡಿಸಿ ಹಿಡಿದಿಡೋದು ಸೋಪಿನಂಥ ಎಮಲ್ಸಿಫೈಯರ್. ಬೋರ್ ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಅದನ್ನು ಹಿಡಿದು ಕೆನೆ ಮಾಡಿಬಿಡುತ್ತವೆ. ಬೋರ್ ನೀರಲ್ಲಿ ಬಟ್ಟೆ ಸೋಪು ನೊರೆ ಬರದೆ ಮೊಸರಾಗೋದು ನೋಡಿರ್ತೀರಲ್ಲ, ಅದೇ. 100ರಿಂದ 200 ಪಿಪಿಎಂ ಗಡಸುತನ ಒಳ್ಳೇದು, 400 ದಾಟಿದರೆ ಸಾಮಾನ್ಯ ಸೋಲ್ಯೂಬಲ್ ಆಯಿಲ್ ನಿಲ್ಲಲ್ಲ. ಇನ್ನೊಂದು ಗಮನಿಸಿ, ಟ್ಯಾಂಕಿಂದ ಆವಿಯಾಗೋದು ನೀರು ಮಾತ್ರ, ಲವಣ ಅಲ್ಲೇ ಉಳಿಯುತ್ತೆ. ದಿನಾ ಬೋರ್ ನೀರೇ ಸುರಿದರೆ ಟ್ಯಾಂಕಿನ ಗಡಸುತನ ಬೋರ್‌ಗಿಂತ ಎಷ್ಟೋ ಪಟ್ಟು ಏರುತ್ತೆ.

ವಿಎಂಸಿ_ಪೀಣ್ಯ

ನಾವು ಆರ್‌ಒ ನೀರು ಹಾಕ್ತೀವಿ. ಶುರುವಲ್ಲಿ ನೊರೆ ಜಾಸ್ತಿ ಬಂತು, ಅದಕ್ಕೆ ಮೊದಲ ಭರ್ತಿಗೆ ಸ್ವಲ್ಪ ಮಾಮೂಲಿ ನೀರು ಬೆರೆಸಿ, ಆಮೇಲಿನ ಟಾಪ್‌ಅಪ್‌ಗೆಲ್ಲಾ ಆರ್‌ಒ. ಟಾಪ್‌ಅಪ್‌ಗೆ ಬರೀ ನೀರಾಗಲಿ, ಬರೀ ಎಣ್ಣೆಯಾಗಲಿ ಹಾಕಬೇಡಿ. ಬೇರೆ ಬಕೆಟ್ಟಲ್ಲಿ 2ರಿಂದ 3% ಕಲಸಿ ಸುರೀರಿ. ಕಲಸೋವಾಗ ಮೊದಲು ನೀರು, ಅದಕ್ಕೆ ನಿಧಾನ ಎಣ್ಣೆ. ಎಣ್ಣೆಗೆ ನೀರು ಹುಯ್ದರೆ ಗಂಟುಗಂಟಾಗುತ್ತೆ, ಆಮೇಲೆ ಏನು ತಿರುವಿದರೂ ಹಾಲಿನ ಹಾಗೆ ಆಗಲ್ಲ.

ಕ್ವಾಲಿಟಿ_ಡೆಸ್ಕ್

ಸೋಮವಾರದ ವಾಸನೆ ಬಗ್ಗೆ ಯಾರೂ ಬರೆದಿಲ್ಲ, ಅದು ಸಣ್ಣ ವಿಷಯವಲ್ಲ. ಮಷಿನ್‌ನಿಂದ ಸೋರಿದ ಗೇರ್ ಎಣ್ಣೆ, ಸ್ಲೈಡ್‌ವೇ ಎಣ್ಣೆ ಟ್ಯಾಂಕಿನ ಮೇಲೆ ಹೊದಿಕೆಯಾಗಿ ಕೂರುತ್ತದೆ. ಭಾನುವಾರ ಪಂಪ್ ನಿಂತಾಗ ಕೆಳಗೆ ಗಾಳಿ ಇರುವುದಿಲ್ಲ. ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾ ಬೆಳೆದು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಅದೇ ಆ ಮೊಟ್ಟೆ ವಾಸನೆ. ಪಿಎಚ್ ಪಟ್ಟಿ ತಂದು ನೋಡಿ, 8.5ರಿಂದ 9.5ರೊಳಗೆ ಇರಬೇಕು. ಕೆಳಗಿಳಿದರೆ ಜಾಬ್ ತುಕ್ಕು ಹಿಡಿಯುತ್ತದೆ, ಕೂಲಂಟ್ ಬೇಗ ಒಡೆಯುತ್ತದೆ. ತೇಲುವ ಎಣ್ಣೆಯನ್ನು ಸ್ಕಿಮ್ಮರ್‌ನಿಂದಲೋ ಬಟ್ಟೆಯಿಂದಲೋ ದಿನವೂ ತೆಗೆಸಿ.

ನಿಮ್ಮ ಆಪರೇಟರ್ ಕೈ ಒಮ್ಮೆ ನೋಡಿ. ಬೆರಳ ಸಂದಿಯಲ್ಲಿ ಕೆಂಪಾಗಿ ಒಡೆದಿದ್ದರೆ ಅದು ಕೂಲಂಟಿನಿಂದಾಗಿರಬಹುದು. ಸಾಂದ್ರತೆ ಅತಿಯಾದರೂ ಹೀಗಾಗುತ್ತದೆ. ಹತ್ತಕ್ಕಿಂತ ಹದಿನೈದು ಒಳ್ಳೆಯದು ಎಂದು ಸುರಿಯುವವರನ್ನು ಬೇಕಾದಷ್ಟು ನೋಡಿದ್ದೇನೆ. ಚರ್ಮ ಹಾಳಾದ ಹುಡುಗ ಮನೆಯಲ್ಲಿ ಅನ್ನ ಕಲಸಿ ತಿನ್ನಲೂ ಒದ್ದಾಡುತ್ತಾನೆ. ಅದನ್ನು ಯಾವ ಶಾಪೂ ಹಗುರವಾಗಿ ತೆಗೆದುಕೊಳ್ಳಬಾರದು. ತಿರುಗುವ ಬಿಟ್ಟಿನ ಹತ್ತಿರ ಕೈಗವಸು ಮಾತ್ರ ಬೇಡವೇ ಬೇಡ. ಕೆಲಸದ ನಂತರ ಸೋಪಿನಲ್ಲಿ ತೊಳೆದು ಕ್ರೀಮ್ ಹಚ್ಚಿಕೊಳ್ಳಲಿ.

ಇನ್ನೊಂದು ಮಾತು, ಗಂಧಕ ಮತ್ತು ಕ್ಲೋರಿನ್ ಎಣ್ಣೆ ಹಾಕುವ ಮುಂಚೆ. ಆ ಫ್ಲಾಂಜ್ ಆಮೇಲೆ ಪೈಪಿಗೆ ವೆಲ್ಡ್ ಆಗುತ್ತದೆ ತಾನೇ? ಗಂಧಕ ಉಳಿದಿದ್ದರೆ ಸ್ಟೇನ್‌ಲೆಸ್ ವೆಲ್ಡ್‌ನಲ್ಲಿ ಬಿಸಿ ಬಿರುಕು ಬರಬಹುದು. ಕ್ಲೋರೈಡ್ ಉಳಿದರೆ ಪಿಟ್ಟಿಂಗ್, ಅಂದರೆ ಸಣ್ಣ ಗುಳಿಗಳ ತುಕ್ಕು. ಅದೂ ಡೈರಿ ಲೈನು. ಹಾಗಾಗಿ ಕ್ಲೋರಿನ್ ಇಲ್ಲದ ಎಣ್ಣೆ ಕೇಳಿ ತರಿಸಿ, ಡ್ರಿಲ್ ಆದ ಮೇಲೆ ಚೆನ್ನಾಗಿ ಡಿಗ್ರೀಸ್ ಮಾಡಿಯೇ ಕಳಿಸಿ. ಗ್ರಾಹಕರ ಡ್ರಾಯಿಂಗಿನ ಟಿಪ್ಪಣಿಯನ್ನೂ ಓದಿ. ನಮ್ಮ ವಿಮಾನ ಭಾಗಗಳ ಕೆಲಸದಲ್ಲಿ ಟೈಟಾನಿಯಂಗೆ ಕ್ಲೋರಿನ್ ಇರುವ ದ್ರವ ಮುಟ್ಟಿಸುವಂತಿಲ್ಲ, ಒತ್ತಡ ಬಿರುಕಿನ ಭಯಕ್ಕೆ. ತೂತು ಹೇಗೆ ಬಂತು ಎಂಬುದರ ಜೊತೆಗೆ ಜಾಬ್ ಮುಂದೆ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನೋಡಿ ಕೂಲಂಟ್ ಆರಿಸಬೇಕು.

ಎಣ್ಣೆ_ರಸಾಯನ

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಶಾರ್ಟ್ ಚೈನ್ ಕ್ಲೋರಿನೇಟೆಡ್ ಪ್ಯಾರಾಫಿನ್‌ಗಳನ್ನು 2017ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿಸಿದ್ದಾರೆ. ಪರಿಸರದಲ್ಲಿ ಬೇಗ ನಾಶವಾಗದೆ ಜೀವಿಗಳ ದೇಹದಲ್ಲಿ ಸೇರಿಕೊಳ್ತವೆ ಅನ್ನೋ ಕಾರಣಕ್ಕೆ. ಅಗ್ಗಕ್ಕೆ ಸಿಗೋ ಹೆಸರಿಲ್ಲದ ಎಣ್ಣೆಯನ್ನು ಸುರಕ್ಷತಾ ಹಾಳೆ ನೋಡದೆ ತರಬೇಡಿ.

ಹೊಸೂರು_ಡೈಕಾಸ್ಟ್

ನಮ್ಮದು ಅಲ್ಯೂಮಿನಿಯಂ, ಆದ್ರೂ ಬರೀತೀನಿ, ಈ ಥ್ರೆಡ್ ಹುಡುಕ್ಕೊಂಡು ಬರೋ ಬೇರೆಯವರಿಗೆ ಆಗುತ್ತೆ. ಅಲ್ಯೂಮಿನಿಯಂನಲ್ಲಿ ಬಿಟ್ ಸವೆಯೋದಕ್ಕಿಂತ ಲೋಹ ಅಂಚಿಗೆ ಅಂಟಿಕೊಳ್ಳೋದು ಮುಖ್ಯ ತೊಂದರೆ. ಫ್ಲೂಟ್ ತುಂಬಿಕೊಂಡು ತೂತು ದೊಡ್ಡದಾಗುತ್ತೆ, ಒಳಗೆ ಗೀರು ಬೀಳುತ್ತೆ. ಹಳಬರು ಸೀಮೆಎಣ್ಣೆ ಹಾಕ್ತಿದ್ದರು. ಅಂಟೋದು ನಿಲ್ಲುತ್ತೆ, ಸುಳ್ಳಲ್ಲ. ಆದ್ರೆ 40 ಡಿಗ್ರಿ ಆಸುಪಾಸಲ್ಲೇ ಅದರ ಆವಿ ಕಿಡಿ ಹಿಡಿಯಬಹುದು, ಬೇಸಿಗೆಯ ತಗಡಿನ ಶೆಡ್ಡಲ್ಲಿ ಅಷ್ಟು ಬಿಸಿ ಇದ್ದೇ ಇರುತ್ತೆ. ಪಕ್ಕದಲ್ಲೇ ವೆಲ್ಡಿಂಗ್ ನಡೀತಿದ್ದರೆ ಕೇಳೋದೇ ಬೇಡ.

ನಾವು ಈಗ ಎಂಕ್ಯೂಎಲ್ (ಅತಿ ಕಡಿಮೆ ಎಣ್ಣೆಯ ಪದ್ಧತಿ) ಮಾಡ್ತೀವಿ. ಗಂಟೆಗೆ ಕೆಲವು ಹತ್ತು ಮಿ.ಲೀ. ಸಸ್ಯಜನ್ಯ ಎಣ್ಣೆಯನ್ನು ಗಾಳಿ ಜೊತೆ ತುಂತುರು ಮಾಡಿ ಬಿಟ್ಟಿನೊಳಗಿಂದ ಕಳಿಸೋದು. ಚಿಪ್ಸ್ ಒಣಗಿ ಬರುತ್ತೆ, ಮಾರೋಕೂ ಸುಲಭ. ಆಳದ ತೂತಿಗೆ ಮಾತ್ರ ಇದು ಸಾಲಲ್ಲ, ಚಿಪ್ಸ್ ತಳ್ಳೋ ಶಕ್ತಿ ಗಾಳಿಗೆ ಕಡಿಮೆ.

ಸಾಣೆಕಲ್ಲು

ಸಸ್ಯಜನ್ಯ ಅಂದಿರಿ, ಸಂತೋಷ. ಟ್ಯಾಪ್ ಹಾಕೋಕೆ ನಾವು ಕೊಬ್ಬರಿ ಎಣ್ಣೆ ಬಳಸ್ತಿದ್ದೆವು, ಅಲ್ಯೂಮಿನಿಯಂಗೂ ಹಿತ್ತಾಳೆಗೂ ನುಣ್ಣಗೆ ಬರ್ತಿತ್ತು.

ಎಣ್ಣೆ_ರಸಾಯನ

ಅದಕ್ಕೆ ಆಧಾರ ಇದೆ ಯಜಮಾನ್ರೇ. 304 ಸ್ಟೀಲನ್ನೇ ಕಾರ್ಬೈಡ್ ಟೂಲಲ್ಲಿ ಟರ್ನಿಂಗ್ ಮಾಡಿ ನೋಡಿದ ಭಾರತೀಯ ಸಂಶೋಧಕರ ವರದಿ 2009ರಲ್ಲಿ ಬಂತು. ಕೊಬ್ಬರಿ ಎಣ್ಣೆಯಲ್ಲಿ ಟೂಲ್ ಸವೆತ ಕಡಿಮೆ, ಮೇಲ್ಮೈ ನುಣುಪು ಹೆಚ್ಚು ಅಂತ ಕಂಡುಕೊಂಡರು. ಸಸ್ಯಜನ್ಯ ಎಣ್ಣೆಯ ಕೊಬ್ಬಿನಾಮ್ಲ ಲೋಹಕ್ಕೆ ಚೆನ್ನಾಗಿ ಅಂಟುತ್ತೆ, ಅದೇ ಗುಟ್ಟು. ಟ್ಯಾಂಕಿಗೆ ತುಂಬೋಕೆ ಮಾತ್ರ ಆಗಲ್ಲ. 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತೆ, ಬೆಳಗಾವಿಯ ಡಿಸೆಂಬರ್ ಬೆಳಗಿನಲ್ಲಿ ಪಂಪು ಎಳೆಯಲ್ಲ. ಬ್ರಷ್‌ಗೆ, ಟ್ಯಾಪ್‌ಗೆ ಧಾರಾಳವಾಗಿ ಬಳಸಿ.

ಉದ್ಯಮಬಾಗ್_ಶೆಡ್

ಟ್ಯಾಂಕ್ ಖಾಲಿ ಮಾಡಿ ತಿಕ್ಕಿ ತೊಳೆದು, ಆರ್‌ಒ ನೀರಿನಾಗ 9% ಹೊಸಾ ಕಲಿಸಿ ಹಾಕೀವ್ರಿ. 320 ಆರ್‌ಪಿಎಂ, ಆಟೋ ಫೀಡ್. ಚಿಪ್ಸ್ ಈಗ ಉದ್ದಕ್ಕ ಸುರುಳಿ ಆಗಿ ಬರ್ತಾವು, ಕಿರಚೂದು ನಿಂತೈತಿ. ಮೂಲಿ ನೀಲಿ ಆಗವಲ್ವು. ಒಂದ್ ಬಿಟ್ಟಿನಾಗ ಪೂರಾ ಫ್ಲಾಂಜ್ ಮುಗೀತು, ಮೊದಲ ಹಿಂಗ ಆಗ್ತಿರಲಿಲ್ಲ. ಕ್ಲೋರಿನ್ ಇಲ್ಲದ ಇಪಿ ಎಣ್ಣಿನೂ ತರಿಸೀನಿ, ಟ್ಯಾಪಿಂಗ್‌ಗೆ ಅದನ್ನ ಹಚ್ಚೂದು. ಮೇಡಂ ಅವರ ಮಾತು ಕೇಳಿ ಗಿರಾಕಿಗೆ ಫೋನ್ ಮಾಡಿದೆ, ಡಿಗ್ರೀಸ್ ಮಾಡೇ ಕಳಿಸ್ಬೇಕು ಅಂತ ಅವರೂ ಹೇಳಿದ್ರು.

ಒಂದ್ ಕೇಳ್ತೀನ್ರಿ: ನಡುವೆ ಬಿಟ್ ಎತ್ತಿ ಎತ್ತಿ ಹೊಡಿಬೇಕು, ಕೂಲಂಟ್ ಒಳಗ ಹೋಗತೈತಿ ಅಂತ ನಮ್ಮ ಆಪರೇಟರ್ ಅಂತಾನ. ಖರೇನೇನು?

ವಿಎಂಸಿ_ಪೀಣ್ಯ

ನಿಮ್ಮ ಆಳ ವ್ಯಾಸದ ಎರಡು ಪಟ್ಟು, ಅಷ್ಟೇ. ಒಂದೇ ಏಟಿಗೆ ಹೋಗಲಿ. ಮೂರು ಪಟ್ಟು ದಾಟಿದ ಮೇಲೆ ಪೆಕಿಂಗ್ (ಹೀಗೆ ಎತ್ತಿ ಎತ್ತಿ ಹೊಡೆಯೋದು) ಯೋಚನೆ ಮಾಡಿ. ಸಿಎನ್‌ಸಿ (ಕಂಪ್ಯೂಟರ್ ನಡೆಸೋ ಮಷಿನ್) ಇದ್ದರೆ ಜಿ83 ಅನ್ನೋ ಆದೇಶ ಕೊಟ್ಟರೆ ಪ್ರತಿ ಸಲ ಪೂರ್ತಿ ಹೊರಗೆ ಬಂದು ಚಿಪ್ಸ್ ಚೆಲ್ಲಿ ಕೂಲಂಟ್ ತುಂಬಿಕೊಂಡು ಹೋಗುತ್ತೆ. 304ರಲ್ಲಿ ಪೆಕ್ ಮಾಡೋವಾಗ ವಾಪಸ್ ಒಳಗೆ ಹೋದ ಕೂಡಲೇ ಫೀಡ್ ಕಚ್ಚಬೇಕು, ತಳದಲ್ಲಿ ಸುಮ್ಮನೆ ತಿರುಗಿದರೆ ಗಟ್ಟಿ ಪದರ ಮತ್ತೆ ಹುಟ್ಟುತ್ತೆ.

ಮುಂದೆ ಕಾರ್ಬೈಡ್ ಬಿಟ್ ತಗೊಂಡರೆ ಒಂದು ಎಚ್ಚರ: ಕೂಲಂಟ್ ಬಿಟ್ಟು ಬಿಟ್ಟು ಬರೋ ಹಾಗಿರಬಾರದು. ಕೆಂಪಗೆ ಕಾದ ಅಂಚಿಗೆ ಒಮ್ಮೆ ತಣ್ಣೀರು, ಒಮ್ಮೆ ಇಲ್ಲ ಅಂದ್ರೆ ಕಾರ್ಬೈಡ್ ಬಿರುಕು ಬಿಡುತ್ತೆ. ಕೊಟ್ಟರೆ ಶುರುವಿಂದ ಕೊನೆವರೆಗೂ ಧಾರೆ ಇರಬೇಕು. ಬಾಟಲಿಯಿಂದ ಚಿಮುಕಿಸೋದು ಕೋಬಾಲ್ಟ್ ಬಿಟ್ಟಿಗೆ ನಡೆಯುತ್ತೆ, ಕಾರ್ಬೈಡಿಗೆ ನಡೆಯಲ್ಲ.

ಉದ್ಯಮಬಾಗ್_ಶೆಡ್

ತಿಳೀತ್ರಿ. ಹಳೇ ಕೂಲಂಟ್ ಡ್ರಮ್ಮಿನಾಗ ತುಂಬಿಸಿಟ್ಟೀನಿ. ಶೆಡ್ಡಿನ ಹಿಂದ ಗಟಾರ ಐತಿ, ಎಲ್ಲಾರೂ ಅಲ್ಲೇ ಬಿಡ್ತಾರ. ನನಗ ಮನಸ ಬರವಲ್ದು.

ಕ್ವಾಲಿಟಿ_ಡೆಸ್ಕ್

ಬಿಡಬೇಡಿ ಅಣ್ಣಾ. ಬಳಸಿದ ಕೂಲಂಟ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬರುತ್ತದೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೇ ಕೊಟ್ಟು ರಸೀದಿ ಇಟ್ಟುಕೊಳ್ಳಬೇಕು. ಒಬ್ಬರಿಗೆ ಡ್ರಮ್ ಕಡಿಮೆಯಾದರೆ ಅಕ್ಕಪಕ್ಕದ ಶೆಡ್‌ನವರು ಸೇರಿ ಒಂದೇ ಸಲ ಗಾಡಿ ಕರೆಸಿ, ಖರ್ಚು ಹಂಚಿಹೋಗುತ್ತದೆ. ಇಪಿ ಎಣ್ಣೆಯ ಉಳಿಕೆಯನ್ನು ಈ ಡ್ರಮ್ಮಿಗೆ ಸೇರಿಸಬೇಡಿ. ಬರೀ ಎಣ್ಣೆಯನ್ನು ಮರುಸಂಸ್ಕರಣೆಯವರು ತೆಗೆದುಕೊಳ್ಳುತ್ತಾರೆ, ನೀರು ಬೆರೆತ ಮೇಲೆ ಅದೂ ತ್ಯಾಜ್ಯವೇ. ಡ್ರಮ್ ಮೇಲೆ ಒಳಗೇನಿದೆ ಎಂದು ಬಣ್ಣದಲ್ಲಿ ಬರೆಸಿ, ಮಳೆ ನೀರು ಬೀಳದ ಕಡೆ ಇಡಿ.

ಉದ್ಯಮಬಾಗ್_ಶೆಡ್

ಬಾಜೂ ಮೂರ್ನಾಕ್ ಶೆಡ್ಡಿನವರ ಜೋಡಿ ಮಾತಾಡೀನ್ರಿ ಮೇಡಂ, ಅವರೂ ಹೂಂ ಅಂದಾರ. ಗಾಡಿ ಕರಸೂಣು ಅಂತ ಮಾಡೀವಿ.